ಒಂಬತ್ತೂವರೆ ಮೊಳ ನೀರು

ಬುಟ್ಟಿ ಓದಲು ಬರುತ್ತದೆಯೇ ಎಂದು ನನ್ನನ್ನು ಈವರೆಗೆ ಕೇಳಿದವರು ಅಮೃತಪ್ಪಕಾಕಾ ಒಬ್ಬರೇ. ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದ ನನ್ನ ಕಿರಾಣಿ ಅಂಗಡಿಗೆ ಬಂದವರೇ ಗಿರಾಕಿಗಳನ್ನು ಮೊಳಕೈಯಿಂದ ಸರಿಸಿ, ಗಲ್ಲಾಪೆಟ್ಟಿಗೆಯ ಮೇಲೆ ಮೂರು ಬುಟ್ಟಿಗಳನ್ನು ಕುಕ್ಕಿದರು.

"ಓದು. ದೊಡ್ಡ ಲೇಖಕ ಅಲ್ಲೇನು ನೀ? ಇದರಾಗ ಹನ್ನೆರಡು ವರ್ಷದ ನೀರು ಅದ. ಓದಿ ಹೇಳು."

ನಮ್ಮ ಕಡೆ ಹೆಣ್ಣುಮಕ್ಕಳು ರದ್ದಿ ಕಾಗದವನ್ನು ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಾರೆ. ಇವನ್ನು ಮಾಡಿದವರು ಕಾಕಾನ ಹೆಂಡತಿ ರಂಭಾಬಾಯಿ. ಒಂದರಲ್ಲಿ ಇನ್ನೂ ನಾಲ್ಕು ಉಳ್ಳಾಗಡ್ಡಿ ಇದ್ದವು. ಸಿಟ್ಟಿನಲ್ಲಿ ಸುರುವುವುದನ್ನು ಮರೆತಿದ್ದರು. ಕಾಗದ ಮಾತ್ರ ಕಾಕಾನದು. ಹನ್ನೆರಡು ವರ್ಷ ಬಾವಿಗಳ ನೀರು ಅಳೆದು ಬರೆದಿಟ್ಟ ವಹಿಗಳು ಅವು. ಅವನ್ನು ರದ್ದಿಗೆ ಹಾಕಲು ಹೇಳಿದ ಮಹಾನುಭಾವ ನಾನು. "ಎಲ್ಲಾ ಕಂಪ್ಯೂಟರಿನಾಗ ಹಾಕೀನಲ್ಲ ಕಾಕಾ, ಅಲ್ಲಿ ಗೆದ್ದಲ ಹತ್ತಂಗಿಲ್ಲ" ಎಂದಿದ್ದೆ.

ಗೆದ್ದಲು ಹತ್ತಲಿಲ್ಲ. ನಾನು ಹತ್ತಿದೆ.

ಅಮೃತಪ್ಪಕಾಕಾನ ಊರು ಮುರುಮ್ ಪಟ್ಟಣದ ಆಚೆಯ ಒಂದು ಸಣ್ಣ ವಾಡಿ. ತೊಂಬತ್ಮೂರರ ಭೂಕಂಪದಲ್ಲಿ ಹಳೆಯ ಊರು ಕಲ್ಲುಮಣ್ಣಿನ ಗುಡ್ಡೆಯಾದಾಗ ಸರ್ಕಾರ ಒಂದು ಮೈಲಿ ದೂರದಲ್ಲಿ ಹೊಸ ಊರು ಕಟ್ಟಿಕೊಟ್ಟಿತು. ಎಲ್ಲ ಮನೆಗಳೂ ಒಂದೇ ಅಚ್ಚಿನವು. ಬಾಗಿಲಿಗೆ ನಂಬರು ಇಲ್ಲದಿದ್ದರೆ ಯಾರು ಯಾರ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದರೋ. ಹಳೆಯ ಊರಿನಲ್ಲಿ ಕೆಡದೆ ಉಳಿದದ್ದು ಒಂದೇ, ಹಿರೇಬಾವಿ.

ಭೂಕಂಪದ ಹಿಂದಿನ ದಿನ ಕಾಕಾನ ಅಕ್ಕ ತುಳಜಾಬಾಯಿ ಆ ಬಾವಿಯಿಂದ ಅರ್ಧ ಕೊಡ ನೀರು ತಂದು, "ನೀರು ಬೆಚ್ಚಗ ಹತ್ತಲತ್ತದ, ಕೆಂಪಗೂ ಆಗ್ಯದ. ಬಾಂವಿಗೆ ಏನೋ ಆಗ್ಯದ" ಎಂದಳಂತೆ. ಕಾಕಾ ನಕ್ಕು, "ನೀರು ಹೊರಲಾಕ ಬ್ಯಾಸರ ಆದ್ರ ನೆಟ್ಟಗ ಹೇಳು, ಬಾಂವಿ ಮ್ಯಾಲ ಯಾಕ ಹಾಕತಿ" ಎಂದರಂತೆ. ಮರುದಿನ ಬೆಳಕು ಹರಿಯುವ ಮೊದಲೇ ಗೋಡೆ ಬಿತ್ತು. ಅಕ್ಕ ಅದರ ಕೆಳಗಿದ್ದಳು. ಇದನ್ನು ಕಾಕಾ ನನಗೆ ಒಂದೇ ಸಲ ಹೇಳಿದ್ದಾರೆ.

ಆಮೇಲೆ ಅವರು ಒಂದು ಹಗ್ಗ ಮಾಡಿಕೊಂಡರು. ಮೊಳಕ್ಕೊಂದು ಗಂಟು, ತುದಿಗೊಂದು ಗುಂಡುಕಲ್ಲು. ಅಮಾವಾಸ್ಯೆಗೊಮ್ಮೆ ಸೈಕಲ್ಲೇರಿ ಸುತ್ತಿನ ಹನ್ನೊಂದು ಬಾವಿಗಳಿಗೆ ಹೋಗುವುದು, ಕಲ್ಲು ತಳ ಮುಟ್ಟುವವರೆಗೆ ಹಗ್ಗ ಬಿಡುವುದು, ಎಳೆದುಕೊಂಡು ಎಷ್ಟು ಗಂಟು ತೊಯ್ದಿವೆ ಎಂದು ಎಣಿಸುವುದು, ಒಂದು ಗುಟುಕು ಕುಡಿದು ಬಣ್ಣ, ರುಚಿ, ವಾಸನೆ ಬರೆದುಕೊಳ್ಳುವುದು. ಜನ ಅವರಿಗೆ 'ಬಾಂವಿ ಡಾಕ್ಟರ' ಎಂದು ಹೆಸರಿಟ್ಟರು. ಹೆಸರಿಟ್ಟವರಲ್ಲಿ ನಾನು ಇರಲಿಲ್ಲ. ಅದನ್ನು ಬಳಸಿ ಹೆಸರು ಮಾಡಲು ನೋಡಿದವರಲ್ಲಿ ಇದ್ದೆ. ಆ ವಿಷಯ ಮುಂದೆ ಬರುತ್ತದೆ. ಬಾರದಿದ್ದರೆ ಚೆನ್ನಾಗಿತ್ತು.

ಗಡಿಯ ಈ ಕಡೆ ಕನ್ನಡ ಮಾತಾಡುವವರು ಮನೆ ತುಂಬ ಇದ್ದಾರೆ, ಓದುವವರು ಕಡಿಮೆ. ಕನ್ನಡದಲ್ಲಿ ಟೈಪು ಮಾಡುವ ಕಂಪ್ಯೂಟರು ಕಾಕಾನಿಗೆ ಗೊತ್ತಿದ್ದ ಮಟ್ಟಿಗೆ ನನ್ನದೊಂದೇ. ಉಮರ್ಗಾದಲ್ಲಿ ಕನ್ನಡ ಹಾಸ್ಯಲೇಖಕನೂ ನಾನೊಬ್ಬನೇ. ಆದ್ದರಿಂದ ಅತ್ಯುತ್ತಮನೂ ನಾನೇ. ಎರಡು ಸಾವಿರದ ಐದರಿಂದ ಕಾಕಾ ಪ್ರತಿ ಅಮಾವಾಸ್ಯೆಯ ಮರುದಿನ ಅಂಗಡಿಗೆ ಬಂದು ಚೀಟಿ ನೋಡಿ ಲೆಕ್ಕ ಹೇಳಿ ಚೀಟಿ ಹರಿದೊಗೆಯುವುದು, ನಾನು ಟೈಪು ಮಾಡುವುದು ನಡೆಯಿತು. ಹಳೆಯ ವಹಿಗಳನ್ನೂ ಮಳೆಗಾಲವೆಲ್ಲ ಕುಳಿತು ಒಳಗೆ ಹಾಕಿದೆ. ವಹಿಗಳು ಬುಟ್ಟಿಯಾದವು.

ಹದಿನಾರನೇ ಇಸವಿಯ ಬರದಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ಬಂತಲ್ಲ, ಆ ವರ್ಷದ ಸೆಪ್ಟೆಂಬರಿನಲ್ಲಿ ಒಂದು ನೋಟೀಸು ಬಂತು. ಯಾವ ಕಚೇರಿಯದೆಂದು ಹೇಳುವುದಿಲ್ಲ, ಹೇಳಿದರೆ ನನಗೂ ಒಂದು ಬರುತ್ತದೆ. ಮರಾಠಿಯಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: ಹಳೆಯ ಊರಿನ ಬಾವಿ ಭೂಕಂಪದಿಂದ ಮೃತವಾಗಿದೆ, ಬೇಸಿಗೆಯಲ್ಲಿ ಅದರಲ್ಲಿ ಹನಿ ನೀರು ಇರುವುದಿಲ್ಲ, ಅದನ್ನು ಮುಚ್ಚಿ ಆ ಜಾಗದಲ್ಲಿ ಗೋದಾಮು ಕಟ್ಟಲಾಗುವುದು, ಆಕ್ಷೇಪ ಇದ್ದವರು ಅಕ್ಟೋಬರ್ ಹದಿನೇಳರಂದು ಲಿಖಿತ ಪುರಾವೆಯೊಂದಿಗೆ ಹಾಜರಾಗಬೇಕು.

"ಸತ್ತದಂತ!" ಎಂದು ಕಾಕಾ ಆ ಕಾಗದವನ್ನು ನನ್ನ ಮೂಗಿನ ಮುಂದೆ ಆಡಿಸಿದರು. "ಯಾವಾಗ ಸತ್ತಿತು? ಮಣ್ಣಿಗೆ ಯಾರ್ ಯಾರು ಬಂದಿದ್ರು? ಹೊಸ ಊರಿನ ನಳ ನಾಕು ತಿಂಗಳು ಬಾಯಿ ತಕ್ಕೊಂಡು ನಿಂತಿತ್ತು. ಇಡೀ ವಾಡಿ ಈ ಸತ್ತ ಬಾಂವಿ ನೀರು ಕುಡದು ಜೀವ ಹಿಡದದ. ಹಂಗಾದ್ರ ನಾವೆಲ್ಲಾ ದೆವ್ವ ಏನು?"

ಊರಿನವರ ಮಾತು ಪುರಾವೆಯಾಗದು, ಬರಹ ಬೇಕು ಎಂದು ಗುಮಾಸ್ತ ಹೇಳಿ ಕಳಿಸಿದ್ದ. ಆ ಸಲ ಮಳೆ ಚೆನ್ನಾಗಿ ಆಗಿತ್ತು. ಬಂದು ಬಾವಿ ನೋಡಿ ಎಂದರೆ, ಮಳೆಗಾಲದಲ್ಲಿ ಎಮ್ಮೆಯ ಹೆಜ್ಜೆಯಲ್ಲೂ ನೀರು ನಿಲ್ಲುತ್ತದೆ, ಬೇಸಿಗೆಯದು ತೋರಿಸಿ ಎಂದಿದ್ದ. ಕಾಕಾ ಗಾಬರಿಯಾಗಲಿಲ್ಲ. "ಬರಹ ಅದ. ವಿಶ್ವನಾಥಪ್ಪನ ಕಂಪ್ಯೂಟರಿನಾಗ ಅದ" ಎಂದು ಊರಿಗೆಲ್ಲ ಹೇಳಿದರು. ವಿಶ್ವನಾಥಪ್ಪ ಎಂದರೆ ನಾನು.

ಅದೇ ಹೊತ್ತಿಗೆ ಅಂಗಡಿಯ ಹಿಂದೆಯೇ ಇರುವ ನಮ್ಮ ಮನೆಯಲ್ಲಿ ದಸರಾ ತೆಗೆಯುವುದು ಶುರುವಾಯಿತು. ನವರಾತ್ರಿಯ ಘಟ ಕೂರಿಸುವ ಮೊದಲು ಮನೆಯಲ್ಲಿರುವುದನ್ನೆಲ್ಲ ಅಂಗಳಕ್ಕೆ ತಂದು ಸುರಿಯಬೇಕು. ಕೌದಿ ಹಳ್ಳಕ್ಕೆ, ಪಾತ್ರೆ ಬೂದಿಗೆ, ಗೋಡೆ ಸುಣ್ಣಕ್ಕೆ. ಮನೆ ಪೂರ್ತಿ ಖಾಲಿಯಾಗಿ ತೊಳೆದ ಮೇಲೆಯೇ ಒಂದೊಂದು ಸಾಮಾನು ಒಳಗೆ ಬರಬೇಕು. ನನ್ನ ಹೆಂಡತಿ ಅನುರಾಧಾ ಸೆರಗು ಬಿಗಿದುಕೊಂಡು ಹೇಳಿದಳು:

"ನಿಮ್ಮ ಆ ಕಂಪ್ಯೂಟರ ಡಬ್ಬಿದೂ ದಸರಾ ತೆಗೀರಿ. ಚಾಲೂ ಮಾಡಿದ್ರ ಚಹಾ ಕುದಿಯೂತನಕ ಏಳಂಗಿಲ್ಲ ಅದು."

ಅವಳು ಹೇಳಿದ್ದು ಧೂಳಿನ ಮಾತು. ನಾನು ಲೇಖಕ, ಆಳವಾಗಿ ಅರ್ಥ ಮಾಡಿಕೊಂಡೆ. ಎಲ್ಲ ಹೊರಗೆ ತೆಗೆ, ತೊಳೆ, ಮತ್ತೆ ಒಳಗೆ ಇಡು. ಪರದೆಯ ಮೇಲಿದ್ದ ಫೈಲುಗಳ ಪುಟ್ಟ ಚಿತ್ರಗಳನ್ನೆಲ್ಲ ಒಟ್ಟಿಗೆ ಹಿಡಿದು ಪೆನ್‌ಡ್ರೈವಿಗೆ ಹಾಕಿದೆ. ಪ್ರತಿ ಚಿತ್ರದ ಮೂಲೆಯಲ್ಲೂ ಒಂದು ಸಣ್ಣ ಬಾಣ ಇತ್ತು. ಹೊರಗೆ ಹೋಗುವ ದಾರಿ ತೋರಿಸುತ್ತಿದೆ ಎಂದುಕೊಂಡೆ. ಇಪ್ಪತ್ಮೂರು ವರ್ಷದ ನೀರು ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಪೆನ್‌ಡ್ರೈವಿಗೆ ಹೋಗಿಬಿಟ್ಟಿತು. ಅನುಮಾನ ಬರಬೇಕಿತ್ತು, ಬರಲಿಲ್ಲ, ಹೆಮ್ಮೆ ಬಂತು. ಆಮೇಲೆ ಭಾವಮೈದುನ ಕೊಟ್ಟಿದ್ದ ಸಿಡಿ ಹಾಕಿ ಹಾರ್ಡ್‌ಡಿಸ್ಕನ್ನು ತಳದವರೆಗೆ ತೊಳೆದೆ. ಕಂಪ್ಯೂಟರು, ಎಲ್ಲ ಅಳಿಸಿಹೋಗುತ್ತದೆ, ಖಾತ್ರಿಯೇ ಎಂದು ಒಂದು ಮಾತು ಕೇಳಿತು.

ಇದು ನೋಡಿ ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ. ಕೇಳುವ ರೀತಿಯೇ ಅದು? ಬಸ್ಸಿನಲ್ಲಿ ಒಂದು ಚೀಲ ಮರೆತರೆ ಕಂಡಕ್ಟರ್ ಹೆಚ್ಚು ಕೂಗುತ್ತಾನೆ. ನನ್ನಂಥವನನ್ನು ಕೇಳುವುದಾದರೆ, "ಲೇ ವಿಶ್ವನಾಥಪ್ಪಾ, ಒಳಗ ಅಮೃತಪ್ಪನ ಬಾಂವಿ ಅದಾವ, ಕಣ್ಣು ನೆಟ್ಟಗ ಅವೇನೋ?" ಎಂದು ಕೇಳಬೇಕು. ಬರೀ ಖಾತ್ರಿಯೇ ಎಂದರೆ? ನಾನು ಹುಟ್ಟಾ ಖಾತ್ರಿಯ ಮನುಷ್ಯ. ಹೌದು ಎಂದೆ.

ಖಾಲಿ ಮನೆ ಲಕಲಕ ಹೊಳೆಯಿತು. ಆ ಸಂಭ್ರಮದಲ್ಲಿ ಭಾವಮೈದುನನ ಬಳಿಯಿದ್ದ ಅರವತ್ತು ಸಿನಿಮಾಗಳನ್ನು ಒಳಗೆ ತುಂಬಿದೆ. ಆಮೇಲೆ ಪೆನ್‌ಡ್ರೈವ್ ಹಾಕಿ ನೋಡಿದರೆ ಒಂದು ಫೈಲೂ ತೆರೆಯಲಿಲ್ಲ.

ಹದಿನೈದು ದಿನ ಸುಳ್ಳು ಹೇಳಿದೆ. ಕಾಕಾ ಬಂದಾಗ ಪ್ರಿಂಟರಿನ ಶಾಯಿ ತೀರಿದೆ ಎಂದೆ. ಇನ್ನೊಮ್ಮೆ ಬಂದಾಗ ಕರೆಂಟು ಇಲ್ಲ ಎಂದೆ, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಕಡೆಗೆ ದಸರೆಯ ದಿನ ಬನ್ನಿ ಕೊಡಲು ಬಂದ ಕಾಕಾನಿಗೆ ಅನುರಾಧಾಳೇ ನಿಜ ಹೇಳಿದಳು. ಮರುದಿನ ಬುಟ್ಟಿಗಳು ಬಂದವು. ವಿಚಾರಣೆಗೆ ಐದು ದಿನ ಉಳಿದಿತ್ತು.

ಉದಗೀರದ ಸ್ಟೇಷನ್ ರಸ್ತೆಯಲ್ಲಿ ಮಯೂರಿ ಎಂಬ ಹುಡುಗಿ ಅಳಿಸಿಹೋದದ್ದನ್ನು ತೆಗೆದುಕೊಡುತ್ತಾಳೆ ಎಂದು ಕೇಳಿ ನಾನು, ಕಾಕಾ ಮುಂಜಾನೆಯ ಬಸ್ಸು ಹತ್ತಿದೆವು. ಕಂಪ್ಯೂಟರಿನ ಡಬ್ಬಿಯನ್ನು ಹೊಸ ಟಾವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರ್ ಕೈ ಮುಗಿದು, "ದೇವ ಆಹೇ ಕಾ?" ಎಂದ.

"ದೇವ್ರಲ್ಲೋ ತಮ್ಮಾ, ಹೆಣ" ಎಂದರು ಕಾಕಾ. "ಕೊಂದಂವಾ ಇಲ್ಲೇ ಬಾಜೂಕ ಕುಂತಾನ, ನೋಡಕೋ."

ನಿಲಂಗಾ ಬರುವಷ್ಟರಲ್ಲಿ ಬಸ್ಸಿನ ಅಷ್ಟೂ ಜನಕ್ಕೆ ನನ್ನ ಕಥೆ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಗೊತ್ತಾಗಿತ್ತು. ಬಸ್ಸು ಬದಲಿಸುವಾಗ ಪರಿಚಯವಿಲ್ಲದ ಮುದುಕಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೋಡಲಾಕ ಶ್ಯಾಣ್ಯಾ ಕಾಣತಾನ" ಎಂದಳು. ಬರೆಯತೊಡಗಿ ಇಷ್ಟು ವರ್ಷವಾಯಿತು, ನನ್ನನ್ನು ಇಷ್ಟು ಜನ ಒಮ್ಮೆಲೇ ಗುರುತಿಸಿದ್ದು ಅಂದೇ.

ಮಯೂರಿಗೆ ಇಪ್ಪತ್ತೈದೋ ಇಪ್ಪತ್ತಾರೋ ಇರಬಹುದು. ಪೆನ್‌ಡ್ರೈವ್ ನೋಡಿದ ಕೂಡಲೇ ನಕ್ಕಳು.

"ಮಾಮಾ, ನೀವು ಮನಿ ಬಿಟ್ಟು ಬಾಗಿಲದ ಮ್ಯಾಲಿನ ಹೆಸರಿನ ಪಾಟಿ ಅಷ್ಟೇ ಕಿತ್ತಿ ತಂದೀರಿ. ಬಾಣ ಅದ ಅಂದ್ರ ಅದು ಖರೆ ಫೈಲ್ ಅಲ್ಲ, ಫೈಲಿಗೆ ಹೋಗೂ ದಾರಿ."

"ದಾರಿ ಇಟಕೊಂಡು ಊರು ಸುಟ್ಟಾನ" ಎಂದರು ಕಾಕಾ.

"ಅಳಿಸಿದ್ದಕ್ಕ ಏನೂ ಆಗಂಗಿಲ್ಲ ಅಜ್ಜಾ, ಫೈಲು ಅಲ್ಲೇ ಇರತಾವ. ಅದರ ಮ್ಯಾಲ ಮತ್ತೇನರೆ ತುಂಬಿದ್ರ ಮಾತ್ರ ಹೋಗತಾವ." ಅವಳು ನನ್ನ ಕಡೆ ತಿರುಗಿದಳು. "ಏನೂ ತುಂಬಿಲ್ಲಲ್ಲ?"

ನಾನು ಅರವತ್ತು ಸಿನಿಮಾ ಎಂದು ಹೇಳಿದ ದನಿ ನನಗೇ ಕೇಳಿಸಲಿಲ್ಲ. ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಬೆಂಚಿನ ಮೇಲಿಟ್ಟರು. ಬೈದರೆ ಎಷ್ಟೋ ವಾಸಿಯಿತ್ತು.

ಯಂತ್ರ ಐದು ತಾಸು ಹುಡುಕಿತು. ಮಧ್ಯಾಹ್ನ ಮೂರರ ಹೊತ್ತಿಗೆ ಮಯೂರಿ ಕರೆದಳು. ಬಾವಿಗಳ ಫೈಲು ಇದ್ದ ಜಾಗದಲ್ಲಿ ಯಾವುದೋ ಸಿನಿಮಾದ ಹೊಡೆದಾಟ ಕುಳಿತಿತ್ತು. ನೀರಿನ ಒಂದು ಅಂಕಿಯೂ ಉಳಿದಿರಲಿಲ್ಲ.

"ಬ್ಯಾರೆ ಒಂದಿಷ್ಟು ಸಿಕ್ಕಾವ" ಎಂದಳು. "ಎಲ್ಲಾ ಕನ್ನಡದಾಗ ಅದಾವ. ನಂಗ ಮಾತಾಡಲಾಕ ಬರತದ, ಓದಲಾಕ ಬರಂಗಿಲ್ಲ. ನೀವೇ ನೋಡ್ರಿ."

ನೋಡಿದೆ. ನನ್ನ ಲೇಖನಗಳು. ಒಂದೂ ಕೆಟ್ಟಿರಲಿಲ್ಲ, ಒಂದು ಕೊಂಬು ದೀರ್ಘ ಸಹ ಅಳಿಸಿರಲಿಲ್ಲ. ಸಂಪಾದಕರು ಬೇಡವೆಂದು ವಾಪಸು ಕಳಿಸಿದ್ದನ್ನು ನನ್ನ ಅರವತ್ತು ಸಿನಿಮಾಗಳೂ ಮುಟ್ಟಿರಲಿಲ್ಲ. ಜಗತ್ತಿನಲ್ಲಿ ನ್ಯಾಯ ಎಂಬುದು ಇದೆಯೇ? ಅಳೆದು ಬರೆದದ್ದು ಹೋಯಿತು, ಹರಟಿದ್ದು ಉಳಿಯಿತು.

ಒಂದನ್ನು ತೆರೆದವನು ತಟ್ಟನೆ ಮುಚ್ಚಿದೆ.

"ಏನದು?" ಎಂದರು ಕಾಕಾ.

"ಏನಿಲ್ಲರಿ, ಸುಮ್ನ ನಂದೊಂದು ಲೇಖನ."

"ಹಿರೇಬಾವಿ ಅಂತ ಬರದಿತ್ತು. ನಂಗ ಕಣ್ಣು ಅದಾವ, ಓದು."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದು ಕನ್ನಡ ವಾರಪತ್ರಿಕೆಯ ಬೇಸಿಗೆ ಸಂಚಿಕೆಗೆ ನಾನು ವರ್ಷಕ್ಕೊಂದು ಹಾಸ್ಯ ಬರೆದು ಕಳಿಸುತ್ತಿದ್ದೆ. ಹಾಸ್ಯಕ್ಕೆ ಒಬ್ಬ ಆಸಾಮಿ ಬೇಕು. ಅಮಾವಾಸ್ಯೆಯ ಮರುದಿನ ನನ್ನ ಎದುರು ಬಂದು ಕೂರುತ್ತಿದ್ದ ಆಸಾಮಿ ಒಬ್ಬರೇ. ಹನ್ನೆರಡು ವರ್ಷ, ಹನ್ನೆರಡು ಲೇಖನ, ಹನ್ನೆರಡೂ ವಾಪಸು. ಹಾಗಾಗಿ ಕಾಕಾನಿಗೆ ಗೊತ್ತಾಗಿರಲಿಲ್ಲ. ಈಗ ನಾನೇ, ನನ್ನದೇ ಬಾಯಿಂದ, ಅವರ ಎದುರಿಗೇ ಓದಬೇಕಾಯಿತು:

"ಮೇ ಏಳು, ಎರಡು ಸಾವಿರದ ಹದಿನಾರು. ನಮ್ಮ ಬಾವಿ ಡಾಕ್ಟರು ಈ ಅಮಾವಾಸ್ಯೆಗೂ ರೋಗಿಯ ನಾಡಿ ಹಿಡಿದು ಬಂದರು. ಜಗತ್ತೇ ನೀರಿಗಾಗಿ ಬಾಯಿ ಬಿಡುತ್ತಿರುವಾಗ ತಮ್ಮ ಹಿರೇಬಾವಿಯಲ್ಲಿ ಒಂಬತ್ತು ಮೊಳ ನೀರಿದೆ ಎಂದು ಗಂಭೀರವಾಗಿ ಘೋಷಿಸಿದರು. ರೋಗಿ ಗಟ್ಟಿಮುಟ್ಟಾಗಿದ್ದಾನೆ. ಚಿಂತೆ ಏನಿದ್ದರೂ ಡಾಕ್ಟರ ತಲೆಯದು."

ಮಯೂರಿ ಬಾಯಿಗೆ ಓಢಣಿ ಹಿಡಿದುಕೊಂಡಳು. ಸ್ಟೇಷನ್ನಿನ ಕಡೆ ಗಾಡಿ ಬಂದ ಸದ್ದಾಯಿತು.

"ಸುಳ್ಳ" ಎಂದರು ಕಾಕಾ.

"ತಪ್ಪಾಯ್ತರಿ ಕಾಕಾ, ಹಾಸ್ಯಕ್ಕ..."

"ಹಾಸ್ಯ ಹಾಳಾಗಿ ಹೋಗಲಿ! ಒಂಬತ್ತಲ್ಲ, ಒಂಬತ್ತೂವರೆ. ನಾ ಒಂಬತ್ತೂವರೆ ಅಂತ ಹೇಳಿದ್ದೆ. ಅರ್ಧ ಮೊಳ ಎಲ್ಲಿ ಹಾಕಿದಿ? ಅರ್ಧ ಮೊಳ ಅಂದ್ರ ಎರಡು ದಿನ ಇಡೀ ವಾಡಿ ಕುಡಿತದ, ಗೊತ್ತದೇನು ನಿಂಗ?"

"ಒಂಬತ್ತು ಅಂದ್ರ ವಾಕ್ಯ ಛಲೋ ಕೂಡತದ ಅಂತ..."

"ವಾಕ್ಯ ಕೂಡಸಲಾಕ ನೀರು ಚೆಲ್ಲತೀ ಏನು? ಮುಂದಿಂದು ಓದು."

ಹನ್ನೆರಡನ್ನೂ ಓದಿಸಿದರು. ಪ್ರತಿಯೊಂದರಲ್ಲೂ ತಾರೀಖು, ಹಿರೇಬಾವಿ, ಇಷ್ಟು ಮೊಳ, ಆಮೇಲೆ ಕಾಕಾನ ಮೂಗು, ಟೊಪ್ಪಿಗೆ, ಸೈಕಲ್ಲು, ಹುಚ್ಚು. ಮೂಗಿಗೆ ಅವರು ಮಾತಾಡಲಿಲ್ಲ. ಮೊಳಕ್ಕೆ ಮೂರು ಕಡೆ ಜಗಳ ತೆಗೆದರು. ಒಂದು ವರ್ಷದ್ದರಲ್ಲಿ, "ಬಾವಿ ಏನೋ ಹೇಳುತ್ತದೆ ಎಂದು ನಂಬಿದ ಮನುಷ್ಯನಿಗೆ ಏನು ಮದ್ದು?" ಎಂದು ಬರೆದಿದ್ದೆ. ಅದನ್ನು ಓದಿದಾಗ ಮಾತ್ರ ಕಾಕಾ ಕಿಟಕಿಯ ಕಡೆ ನೋಡಿದರು. "ನಾನೂ ನಕ್ಕಿದ್ದೆ ಬಿಡು ಒಮ್ಮಿ" ಎಂದರು. ಆ ದಿನದ ಬೈಗುಳಗಳಲ್ಲಿ ನನಗೆ ತಾಗಿದ್ದು ಅದೊಂದೇ.

ಹದಿನೇಳರಂದು ಉಮರ್ಗಾದ ಆ ಕಚೇರಿಯಲ್ಲಿ ಸಾಹೇಬರು ಹನ್ನೆರಡು ಹಾಳೆಗಳನ್ನು ತಿರುವಿ, ಇದು ಯಾವ ಖಾತೆಯ ವರದಿ ಎಂದು ಮರಾಠಿಯಲ್ಲಿ ಕೇಳಿದರು. ಹಾಸ್ಯ ಎಂದೆ. ಮರಾಠಿ ಮಾಡಿ ಹೇಳು ಎಂದರು. ಒಂದು ಗೋಡೆಯುದ್ದಕ್ಕೂ ನಿಂತಿದ್ದ ವಾಡಿಯ ಜನರ ಮುಂದೆ ನನ್ನ ಲೇಖನಗಳನ್ನು ನಾನೇ ಮರಾಠಿಯಲ್ಲಿ ಹೇಳಿದೆ. ನಗಬೇಕಾದ ಕಡೆ ಯಾರೂ ನಗಲಿಲ್ಲ. ಸಂಪಾದಕರ ಮೇಲೆ ಮೊದಲ ಸಲ ಗೌರವ ಹುಟ್ಟಿತು.

ಸಾಹೇಬರು ಹಾಳೆ ಕೆಳಗಿಟ್ಟರು. ಈ ತಾರೀಖು ನೀವೇ ಹಾಕಿಕೊಂಡದ್ದು, ನಿನ್ನೆ ಕುಳಿತು ಟೈಪು ಮಾಡಿಲ್ಲ ಎಂಬುದಕ್ಕೆ ಏನು ಆಧಾರ ಎಂದರು. ಗೋಡೆಯ ಹತ್ತಿರ ಗದ್ದಲ ಎದ್ದಿತು. ರಂಭಾಬಾಯಿಯ ದನಿ ಎಲ್ಲರಿಗಿಂತ ಮೇಲೆ ಕೇಳಿತು: "ಇಂವಗ ಒಂದು ದಿನದಾಗ ಹನ್ನೆರಡು ಬರಿಯೂ ತಾಕತ್ತು ಎಲ್ಲಿಂದ್ರಿ ಸಾಹೇಬ್ರ? ಒಂದು ಚೀಟಿ ಸಾಮಾನು ಕಟ್ಟಲಾಕ ತಾಸು ತಗೋತಾನ!"

ಆಗ ನನಗೆ ಡಬ್ಬ ನೆನಪಾಯಿತು. ಅರ್ಧ ತಾಸಿನ ಬಿಡುವು ಬೇಡಿ ಅಂಗಡಿಗೆ ಓಡಿದೆ. ಬೆಲ್ಲದ ಮೂಟೆಗಳ ಹಿಂದೆ, ದಸರಾ ತೆಗೆದರೂ ಅನುರಾಧಾಳ ಕೈಗೆ ಸಿಗದಂತೆ ನಾನು ಬಚ್ಚಿಟ್ಟಿದ್ದ ತಗಡಿನ ಡಬ್ಬ. ಅದರಲ್ಲಿ ನನ್ನ ಸಾಹಿತ್ಯ ಜೀವನದ ಅವಮಾನಗಳೆಲ್ಲ ಇದ್ದವು: ಪ್ರತಿ ವರ್ಷ ಸಂಪಾದಕರು ಬರೆದ ಕಾರ್ಡು. ಬೇರೆ ಸಂಪಾದಕರು ಈಗ ಉತ್ತರವನ್ನೇ ಬರೆಯುವುದಿಲ್ಲ. ಆ ಪುಣ್ಯಾತ್ಮ ಮಾತ್ರ ಇಂದಿಗೂ ಅಂಚೆ ಕಾರ್ಡಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಬೇಡವೆನ್ನುತ್ತಾರೆ.

ಹದಿನಾರನೇ ಇಸವಿಯ ಕಾರ್ಡನ್ನು ಸಾಹೇಬರ ಮುಂದೆ ಇಟ್ಟೆ. ಅಂಚೆಯ ಕರಿ ಮುದ್ರೆ ಮೇ ತಿಂಗಳದ್ದು, ಸ್ಪಷ್ಟವಾಗಿತ್ತು. ಒಕ್ಕಣೆ ಹೀಗಿತ್ತು: "ತಮ್ಮ ಲೇಖನ ಬಳಸಲಾಗುತ್ತಿಲ್ಲ. ಹಾಸ್ಯಕ್ಕೂ ಒಂದು ಸತ್ಯ ಬೇಕು. ಇಂಥ ಬರದಲ್ಲಿ ಬಾವಿಯಲ್ಲಿ ಒಂಬತ್ತು ಮೊಳ ನೀರು ಇತ್ತೆಂದರೆ ಯಾವ ಓದುಗನೂ ನಂಬುವುದಿಲ್ಲ."

ಮರಾಠಿ ಮಾಡಿ ಹೇಳಿದೆ. ಸಾಹೇಬರು ಮುದ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಳಿದ ಕಾರ್ಡುಗಳನ್ನೂ ನೋಡಿದರು. ಒಂದಿಷ್ಟು ಹೊತ್ತು ಮೀಸೆ ಸವರಿಕೊಂಡರು. ಕಡೆಗೆ ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದರು: ಹದಿನಾರರ ಮೇ ತಿಂಗಳಲ್ಲಿ ಸದರಿ ಬಾವಿಯಲ್ಲಿ ಒಂಬತ್ತು ಮೊಳ ನೀರು ಇದ್ದದ್ದಕ್ಕೆ...

"ಥಾಂಬಾ, ನಿಲ್ರಿ!" ಎಂದು ಕಾಕಾ ಎದ್ದು ನಿಂತರು.

ನಾನು ಅವರ ಧೋತರ ಹಿಡಿದು ಜಗ್ಗಿದೆ. ಕೊಡವಿಕೊಂಡರು.

"ಸಾಹೇಬ, ತಪ್ಪು ಬರಕೋಬ್ಯಾಡ್ರಿ. ಇಂವಾ ಸುಳ್ಳಾ. ಒಂಬತ್ತಲ್ಲ, ಒಂಬತ್ತೂವರೆ!"

ತನ್ನ ಕಡೆಯ ಸಾಕ್ಷಿಯನ್ನು ತಾನೇ ಸುಳ್ಳ ಎನ್ನುವ ಅರ್ಜಿದಾರನನ್ನು ಸಾಹೇಬರು ಮೊದಲ ಸಲ ನೋಡಿದ್ದಿರಬೇಕು. ಕಾರ್ಡನ್ನು ನೋಡಿದರು, ಕಾಕಾನನ್ನು ನೋಡಿದರು, ಗುಮಾಸ್ತನಿಗೆ, "ಸಾಡೇನೌ ಲಿಹಾ" ಎಂದರು, ಒಂಬತ್ತೂವರೆ ಎಂದೇ ಬರೆ ಎಂದು. ಬಾವಿ ಮುಚ್ಚಕೂಡದು, ಬರುವ ಬೇಸಿಗೆಯಲ್ಲಿ ಖುದ್ದು ತಪಾಸಣೆ, ಅಲ್ಲಿಯವರೆಗೆ ನೋಟೀಸು ಸ್ಥಗಿತ. ನನ್ನ ಹನ್ನೆರಡೂ ಲೇಖನಗಳಿಗೆ ತೂತು ಹೊಡೆದು, ಪುಟಸಂಖ್ಯೆ ಹಾಕಿ, ದುಂಡು ಮುದ್ರೆ ಒತ್ತಿ ಫೈಲಿಗೆ ಸೇರಿಸಿದರು. ನನ್ನ ಮೊದಲ ಸಂಕಲನ ಹೀಗೆ ಪ್ರಕಟವಾಯಿತು.

ಹೊರಗೆ ಬಂದಾಗ ಕಾಕಾನ ಮುಖ ಇನ್ನೂ ಗಂಟಾಗಿಯೇ ಇತ್ತು.

"ಗೆದ್ದೀವಲ್ಲರಿ ಕಾಕಾ" ಎಂದೆ.

"ಇಪ್ಪತ್ಮೂರು ವರ್ಷ, ಹನ್ನೊಂದು ಬಾಂವಿ ನುಂಗಿದಿ. ಒಂದು ಬಾಂವಿ, ಹನ್ನೆರಡು ವರ್ಷ ಉಗುಳಿದಿ. ಇದು ಗೆದ್ದದ್ದೇನು?" ಎಂದರು. ನಾಲ್ಕು ಹೆಜ್ಜೆ ನಡೆದು ತಿರುಗಿ ನಿಂತರು. "ಒಂದು ಮಾತು ಖರೆ ಹೇಳು. ಹನ್ನೆರಡು ವರ್ಷ ಆ ಬಾಂವಿ ಮ್ಯಾಲ ಬರದಿ. ಒಮ್ಮೆರೆ ಬಂದು ನೋಡೀದೇನು?"

ನೋಡಿರಲಿಲ್ಲ.

ದೀಪಾವಳಿ ಅಮಾವಾಸ್ಯೆಯ ದಿನ, ಅಂಗಡಿಯ ಪೂಜೆಯನ್ನು ಸಂಜೆಗೆ ಇಟ್ಟುಕೊಂಡು, ಹೊಸ ವಹಿ ಹಿಡಿದು ವಾಡಿಗೆ ಹೋದೆ. ಹಳೆಯ ಊರಿನ ಗುಡ್ಡೆಗಳ ಮೇಲೆ ಜಾಲಿ ಬೆಳೆದಿತ್ತು. ಬಾವಿಯ ಕಟ್ಟೆಯ ಮೇಲೆ ಹಗ್ಗ ಉಜ್ಜಿ ಉಜ್ಜಿ ಬೆರಳು ಹೂಳುವಷ್ಟು ಆಳದ ಗೆರೆ ಬಿದ್ದಿತ್ತು. ಕಾಕಾ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಕಲ್ಲು ತಳ ಮುಟ್ಟಿದ್ದು ಅಂಗೈಗೆ ಗೊತ್ತಾಯಿತು. ಎಳೆದೆ, ತೊಯ್ದ ಹಗ್ಗ ಇಷ್ಟು ಭಾರ ಇರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಎಣಿಸಿದೆ.

"ಹದಿನಾರು" ಎಂದೆ.

"ಮತ್ತೊಮ್ಮೆ ಎಣಿಸು."

ಎಣಿಸಿದೆ. ಹದಿನಾರೂ ಕಾಲು. ಬರೆದುಕೊಂಡೆ. ವಾಕ್ಯ ಕೂಡಲಿಲ್ಲ, ಹಾಗೇ ಬಿಟ್ಟೆ.